ದಂಡದ ಜಾಗ

ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ನಮ್ಮ ಹಳೆಯ ಹಂಚಿನ ಮನೆಯನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿಸಲು ಮಗ ಹೊರಟಿದ್ದಾನೆ. ನಕ್ಷೆಯಲ್ಲಿ ಜಗುಲಿ ಇಲ್ಲ. ಕೇಳಿದರೆ ಇಂಜಿನಿಯರು ‘ಅದೆಲ್ಲ ದಂಡದ ಜಾಗ, ಸಿಟೌಟ್ ಸಾಕು’ ಎಂದರು. ನಮ್ಮ ಯಜಮಾನರಿಗೆ ಬಹಳ ಬೇಸರವಾಗಿದೆ. ನನಗೆ ಅಷ್ಟೇನೂ ಆಗಲಿಲ್ಲ. ಆ ಜಗುಲಿಯ ಮೇಲೆ ಗಂಡಸರು ಕೂತು ಎಲೆಯಡಿಕೆಯ ಕವಳ ಹಾಕಿದರು, ನಾವು ಒಳಗೆ ಹೊಗೆ ಕುಡಿಯುತ್ತ ಚಹಾ ಕಾಸಿದೆವು. ಜಗುಲಿ ಹೋದರೆ ನಿಜವಾಗಿ ಹೋಗುವುದೇನು, ಹೇಳಿ.
– ಕುಮಟಾ ತಾಲ್ಲೂಕಿನ ಓದುಗರು (ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ:

ಅಕ್ಕೋರೇ,

ಕಲಿಸಿದವರನ್ನು ನಮ್ಮ ಜಿಲ್ಲೆಯಲ್ಲಿ ಹೀಗೆ ಕರೆದೇ ರೂಢಿ. ಈಗಿನ ಮಕ್ಕಳು ‘ಮೇಡಂ’ ಎನ್ನುತ್ತಾರೆ; ಆ ಜಗಳ ಇನ್ನೊಂದು ಸಂಚಿಕೆಗಿರಲಿ. ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅಡಿಕೆ ಧಾರಣೆಯವು. ಅವನ್ನೆಲ್ಲ ಬದಿಗಿಟ್ಟು ನಿಮ್ಮದನ್ನೇ ಎತ್ತಿಕೊಂಡದ್ದಕ್ಕೆ ಕಾರಣ ನಿಮ್ಮ ಇಂಜಿನಿಯರ ಆ ಎರಡು ಶಬ್ದಗಳು. ದಂಡದ ಜಾಗ! ಓದಿದ ದಿನ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಮೊದಲು ನಿಮ್ಮ ಮಾತನ್ನು ಒಪ್ಪಿಬಿಡುತ್ತೇನೆ. ಹಳೆಯ ಮನೆಯಲ್ಲಿ ಬೆಳಕು, ಗಾಳಿ ಜಗುಲಿಯ ಪಾಲಾದರೆ ಹೊಗೆ ಅಡುಗೆಮನೆಯ ಪಾಲು. ತಿಂಗಳಿಗೆ ಮೂರು ದಿನ ಹೆಂಗಸರು ಎಲ್ಲಿ ಕೂರಬೇಕಾಗಿತ್ತು ಎಂಬುದೂ ಗೊತ್ತು. ಜಗುಲಿಯ ಮೆಟ್ಟಿಲು ಹತ್ತದೆ ಅಂಗಳದಲ್ಲೇ ನಿಂತು ಮಾತಾಡಿ ಹೋಗಬೇಕಾದ ಜನರೂ ಇದ್ದರು. ಇದನ್ನೆಲ್ಲ ಮುಚ್ಚಿಟ್ಟು ಹಳೆಯ ಮನೆಯನ್ನು ಹಾಡಿ ಹೊಗಳುವವರ ಸಾಲಿಗೆ ನಾನು ಸೇರಲಾರೆ. ಹೊಸ ಅಡುಗೆಮನೆಗೆ ದೊಡ್ಡ ಕಿಟಕಿ ಬರಲಿ, ಚಿಮಣಿಯೂ ಬರಲಿ. ಆಯಿತಲ್ಲ? ಇನ್ನು ಜಗುಲಿಗೆ ಬರುತ್ತೇನೆ.

ಶಿರಸಿ ಕಡೆಯ ನಮ್ಮ ಅಜ್ಜನ ಮನೆಯ ಜಗುಲಿಗೆ ನಾಲ್ಕು ಮರದ ಕಂಬ. ಬಾಗಿಲಿನ ಬಲಗಡೆಯ ಕಂಬದಲ್ಲಿ, ಕೂತವರ ಭುಜದ ಎತ್ತರಕ್ಕೆ, ಬಿಳಿಯ ಗಂಟೊಂದು ಬೆಳೆದಿತ್ತು. ಎಲೆಗೆ ಹಚ್ಚಿ ಬೆರಳಲ್ಲಿ ಉಳಿದ ಸುಣ್ಣವನ್ನು ಕಂಬಕ್ಕೆ ಒರೆಸಿ ಒರೆಸಿ ಆದ ಗಂಟು ಅದು. ಚಿಕ್ಕವನಿದ್ದಾಗ ಉಗುರಿನಿಂದ ಕೆರೆದು ನೋಡಿದ್ದೇನೆ. ಹಪ್ಪಳದ ಹಾಗೆ ಪದರ ಪದರವಾಗಿ ಏಳುತ್ತಿತ್ತು. ಒಂದೊಂದು ಪದರದ ನಡುವೆ ಮಳೆಗಾಲದ ಕಪ್ಪು ಗೆರೆ. ಹಾಗೆ ಬೆರಳು ಒರೆಸಿದವರಲ್ಲಿ ನೆಂಟರು ಅರ್ಧವೂ ಇರಲಿಕ್ಕಿಲ್ಲ. ದನ ತಪ್ಪಿಸಿಕೊಂಡು ಹುಡುಕಲು ಬಂದವನು, ಬಸ್ಸು ತಪ್ಪಿದವನು, ಅಂಚೆಯವನು, ಜಾತಕ ಹಿಡಿದು ಬಂದವನು. ಕಾಲಿಗೆ ನೀರು ಹಾಕಿಕೊಂಡು ಬಂದು ಕೂತರೆ ಆಯಿತು. ‘ಆಸರಿಗೆ ಏನು ಬೇಕು’ ಎಂದು ಮನೆಯವರು ಕೇಳುವವರೆಗೆ ಅವನು ಒಳಗಿನವನೂ ಅಲ್ಲ, ಹೊರಗಿನವನೂ ಅಲ್ಲ. ಬೆಲ್ಲ, ನೀರು ತೆಗೆದುಕೊಂಡು, ಬಂದ ಕಾರಣವನ್ನೇ ಹೇಳದೆ ಎದ್ದು ಹೋದವರನ್ನು ನೋಡಿದ್ದೇನೆ. ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ಅಡಿಕೆ ಕೊಯ್ಲಿನ ರಾತ್ರಿಗಳಲ್ಲಿ ಅದೇ ಜಗುಲಿಯ ಮೇಲೆ ಅಡಿಕೆ ಸುಲಿಯುವ ಮೆಟ್ಟುಗತ್ತಿಗಳ ಸಾಲು. ಅಲ್ಲಿ ಹೆಂಗಸರೂ ಕೂರುತ್ತಿದ್ದರು ಅಕ್ಕೋರೇ, ಕೂತು ಗಂಡಸರ ಬಾಯಿ ಮುಚ್ಚಿಸುತ್ತಿದ್ದರು. ಮಳೆ ಹಿಡಿದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ತಾಳಮದ್ದಲೆ. ವೇಷವಿಲ್ಲ, ರಂಗಸ್ಥಳವಿಲ್ಲ; ಕಂಬಳಿ ಹಾಸಿದ ಜಗುಲಿ, ಮದ್ದಲೆ, ಮಾತು. ಹೊರಗೆ ಹಂಚಿನ ಮೇಲೆ ಮಳೆ ಬಾರಿಸುತ್ತಿದ್ದರೆ ಒಳಗೆ ಕೌರವ ಅದಕ್ಕಿಂತ ಗಟ್ಟಿಯಾಗಿ ಮಾತಾಡಬೇಕು. ಈಗ ಸಭಾಭವನ ಹಿಡಿಯಬೇಕು. ಬಾಡಿಗೆ ಕೊಡಲು ಪ್ರಾಯೋಜಕರು ಬೇಕು, ಪ್ರಾಯೋಜಕರು ಬಂದರೆ ಸನ್ಮಾನ ಬೇಕು, ಸನ್ಮಾನವಾದರೆ ಭಾಷಣ ತಪ್ಪದು. ಕೃಷ್ಣ ಸಂಧಾನಕ್ಕೆ ಹೊರಡುವ ಹೊತ್ತಿಗೆ ರಾತ್ರಿ ಹತ್ತೂವರೆ. ಕೇಳುವವರು ಊಟ ಮುಗಿಸಿ ಮನೆಗೆ ಹೊರಟಿರುತ್ತಾರೆ.

ನಿಮ್ಮ ಇಂಜಿನಿಯರು ಕೊಡುತ್ತೇನೆ ಎಂದ ಸಿಟೌಟ್ ಎಂಥದು ಎಂದು ನನಗೆ ಗೊತ್ತು. ಕಳೆದ ಜುಲೈಯಲ್ಲಿ ಹೊನ್ನಾವರದ ಕಡೆ ಸ್ನೇಹಿತರೊಬ್ಬರ ಹೊಸ ಮನೆಗೆ ಹೋಗಿದ್ದೆ. ಗೇಟಿನ ಮೇಲೆ ಕ್ಯಾಮೆರಾ. ಅದರಾಚೆ ನಾಲ್ಕು ಅಡಿಗೆ ಆರು ಅಡಿಯ ಸಿಟೌಟ್. ಅರ್ಧ ಜಾಗ ಚಪ್ಪಲಿಯ ಕಪಾಟಿಗೆ, ಉಳಿದರ್ಧದಲ್ಲಿ ಗ್ರಾನೈಟ್. ಇರಚಲು ಹೊಡೆದು ಗ್ರಾನೈಟ್ ಎಣ್ಣೆ ಸವರಿದ ಹಾಗಾಗಿತ್ತು. ನನ್ನ ಕೈಯಲ್ಲಿ ಸೋರುವ ಛತ್ರಿ, ಮೊಣಕಾಲವರೆಗೆ ಕೆಸರು. ಕಾಲು ತೊಳೆಯಲು ನಲ್ಲಿ ಇಲ್ಲ, ಛತ್ರಿ ಬಿಚ್ಚಿಡಲು ಮೂಲೆ ಇಲ್ಲ. ಬಾಗಿಲು ತೆರೆದರೆ ನೇರ ಹಾಲ್, ಬಿಳಿಯ ಟೈಲ್ಸ್, ತಿಳಿ ಬಣ್ಣದ ಸೋಫಾ. ಸ್ನೇಹಿತರ ಹೆಂಡತಿ ಒಳ್ಳೆಯವರು, ‘ಪರವಾಗಿಲ್ಲ ಬನ್ನಿ’ ಎಂದರು. ಆದರೆ ಅವರ ಕಣ್ಣು ನನ್ನ ಪಾದಗಳ ಮೇಲಿತ್ತು. ಐದು ನಿಮಿಷ ಸೋಫಾದ ತುದಿಯಲ್ಲಿ ಕೂತು, ಇಲ್ಲದ ಕೆಲಸ ನೆನಪಿಸಿಕೊಂಡು ಎದ್ದು ಬಂದೆ. ಜಗುಲಿ ಹೋದರೆ ಹೋಗುವುದೇನು ಎಂದಿರಲ್ಲ, ಮೊದಲು ಹೋದವನು ನಾನು.

ಹೊರಡುವಾಗ ತಿರುಗಿ ನೋಡಿದೆ. ಸಪಾಟು ಸ್ಲ್ಯಾಬು, ಅದರ ಮೇಲೆ ಕಬ್ಬಿಣದ ಕಂಬ ನೆಟ್ಟು ನೀಲಿ ಶೀಟಿನ ಇಳಿಜಾರು ಮಾಡು! ಮಳೆಗೆ ಸ್ಲ್ಯಾಬು ಸೋರುತ್ತದೆ ಎಂದು ಎರಡನೆಯ ವರ್ಷ ಹಾಕಿಸಿದ್ದಂತೆ. ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿಯಲ್ಲಿ ಹೋಗಿ ನೋಡಿ, ಎರಡು ಮನೆಗೊಂದು ಹೀಗೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಮರುಭೂಮಿಯ ಮನೆ ಕಟ್ಟಿ, ಅದರ ತಲೆಗೊಂದು ಟೊಪ್ಪಿ ಇಟ್ಟು, ಒಟ್ಟು ಎರಡು ಮಾಡಿಗೆ ದುಡ್ಡು ತೆತ್ತು, ಜಗುಲಿಗೆ ಮಾತ್ರ ‘ಬಜೆಟ್ ಸಾಲಲಿಲ್ಲ’ ಎನ್ನುತ್ತಾರೆ.

ಹೊಸದೆಲ್ಲ ಕೆಟ್ಟದು ಎಂದು ನಾನು ಹೇಳುತ್ತಿಲ್ಲ. ನಮ್ಮ ‘ಸಾಂಪ್ರದಾಯಿಕ’ ಮಂಗಳೂರು ಹಂಚೇ ಒಂದು ಕಾಲದ ಹೊಸ ಸರಕು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆಯುವವರೆಗೆ ನಮ್ಮ ಹಿರಿಯರ ತಲೆಯ ಮೇಲಿದ್ದದ್ದು ಸೋಗೆ, ಹುಲ್ಲು, ಉಳ್ಳವರಿಗೆ ನಾಡಹಂಚು. ಆ ಹಂಚು ಬಂದಾಗ ಮಾಡು ಇಳಿಜಾರಾಗಿಯೇ ಉಳಿಯಿತು, ಜಗುಲಿ ಇನ್ನಷ್ಟು ಅಗಲವಾಯಿತು.

‘ಮನೆಯೆಂದರೆ ವಾಸಿಸುವ ಯಂತ್ರ’ ಎಂದ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆಯ ಕಥೆ ನಿಮ್ಮ ಇಂಜಿನಿಯರಿಗೆ ಹೇಳಿ. ಅವರು ಚಂಡೀಗಢದಲ್ಲಿ ಕಟ್ಟಿದ ಹೈಕೋರ್ಟು 1955ರಲ್ಲಿ ತೆರೆಯಿತು. ಬರಿಯ ಕಾಂಕ್ರೀಟಿನ ಭವ್ಯ ಕಟ್ಟಡ. ಅದಿರುವ ಸಮುಚ್ಚಯವನ್ನು ಯುನೆಸ್ಕೊ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಒಂದನೆಯ ನಂಬರಿನ ನ್ಯಾಯಾಲಯದ ಮುಂದೆ ಬಿಸಿಲು, ಮಳೆಗೆ ನಿಲ್ಲಲು ಜಾಗವಿರಲಿಲ್ಲ. ಪಕ್ಕದ ಕೊಠಡಿಗಳ ಮುಂದೆ ಇರುವಂಥ ವರಾಂಡ ಇಲ್ಲಿಗೂ ಬೇಕು ಎಂದು 2024ರ ನವೆಂಬರಿನಲ್ಲಿ ಹೈಕೋರ್ಟೇ ಆದೇಶ ಮಾಡಿತು. ಪರಂಪರೆಗೆ ಧಕ್ಕೆಯಾಗುತ್ತದೆ ಎಂದು ಚಂಡೀಗಢ ಆಡಳಿತ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 2025ರ ಮೇಯಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ಆದೇಶವನ್ನೇ ಎತ್ತಿಹಿಡಿಯಿತು. ನೋಡಿ ಅಕ್ಕೋರೇ, ಕಟ್ಟಿ ಎಪ್ಪತ್ತು ವರ್ಷಗಳಾದ ಮೇಲೆ ಒಂದು ಜಗುಲಿಗಾಗಿ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು. ನಿಮಗಾದರೆ ನಕ್ಷೆಯ ಮೇಲೆ ಪೆನ್ಸಿಲಿನ ನಾಲ್ಕು ಗೆರೆ ಸಾಕು.

ಆಧುನಿಕ ವಾಸ್ತುಶಿಲ್ಪಿಗಳಲ್ಲಿಯೂ ತಿಳಿದವರು ಇದ್ದರು. ಮುಂಬೈಯ ಕಾಂಚನಜುಂಗಾ ಕಟ್ಟಡದಲ್ಲಿ ಚಾರ್ಲ್ಸ್ ಕೊರಿಯಾ 1983ರಲ್ಲಿ ಮಾಡಿದ್ದೇನು? ಹಳೆಯ ಬಂಗಲೆಗಳ ವರಾಂಡವನ್ನು ಆಕಾಶಕ್ಕೆ ಎತ್ತಿ ಪ್ರತಿ ಮನೆಗೂ ಎರಡಂತಸ್ತು ಎತ್ತರದ ತೆರೆದ ಮೂಲೆ ಕೊಟ್ಟರು. ಶ್ರೀಲಂಕಾದ ಮಳೆಯೂ ನಮ್ಮ ಮಳೆಯ ಅಣ್ಣತಮ್ಮನೇ. ಅಲ್ಲಿನ ಜೆಫ್ರಿ ಬಾವಾ ಮೊದಲು ವಕೀಲರು, ವಾಸ್ತುಶಿಲ್ಪಿಯಾಗುವಾಗ 38 ವರ್ಷ. ಅವರು ಕಟ್ಟಿದ ಹೋಟೆಲುಗಳ ಜಗುಲಿಗಳಲ್ಲಿ ಕೂರಲು ಜನ ದುಡ್ಡು ಕೊಟ್ಟು ಹೋಗುತ್ತಾರೆ. ಕೇರಳದಲ್ಲಿ ನೆಲೆಸಿದ ಲಾರಿ ಬೇಕರ್ ಅವರಿಗೆ, ಕಟ್ಟುವ ಜಾಗದ ಐದು ಮೈಲಿಯೊಳಗೆ ಸಿಗುವುದರಲ್ಲೇ ಮನೆ ಕಟ್ಟಬೇಕು ಎಂದು ಗಾಂಧೀಜಿ ಹೇಳಿದ್ದರಂತೆ. ನಮ್ಮ ಐದು ಮೈಲಿಯೊಳಗೆ ಚಿರೇಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಇದೆ. ಅಗೆಯುವಾಗ ಮೆತ್ತಗೆ, ಗಾಳಿಗೆ ಇಟ್ಟಷ್ಟೂ ಗಟ್ಟಿ. ಅದರಲ್ಲೇ ಗೋಡೆ ಕಟ್ಟುತ್ತಾರೆ, ಮೇಲೆ ಸಿಮೆಂಟು ಬಳಿದು ಮುಚ್ಚುತ್ತಾರೆ, ಆಮೇಲೆ ‘ಎಲಿವೇಶನ್ನಿಗೆ’ ಎಂದು ಚಿರೇಕಲ್ಲಿನಂತೆ ಕಾಣುವ ಟೈಲ್ಸ್ ತಂದು ಅಂಟಿಸುತ್ತಾರೆ. ಇಂಥದನ್ನು ನೋಡಿದಾಗ ನನಗೆ ರಕ್ತದೊತ್ತಡ ಏರುತ್ತದೆ. ವೈದ್ಯರು ಉಪ್ಪು ಬಿಡಿ ಎನ್ನುತ್ತಾರೆ.

ಮನೆಯ ಮಾತು ಬಿಡಿ, ಊರಿಗೇ ಜಗುಲಿ ಇಲ್ಲವಾಗಿದೆ. ಹೆದ್ದಾರಿ ಅಗಲವಾದಾಗ ದಾರಿಬದಿಯ ಅಂಗಡಿಗಳ ಕಟ್ಟೆಗಳು ಮೊದಲು ಹೋದವು. ಬದಲಿಗೆ ಬಂದದ್ದು ಸ್ಟೀಲಿನ ತಂಗುದಾಣ: ನೆತ್ತಿಗೆ ಅಂಗೈ ಅಗಲದ ಮಾಡು, ಕೂತರೆ ಜಾರುವ ಕೊಳವೆಯ ಬೆಂಚು. ಮಳೆ ಮೂರು ಕಡೆಯಿಂದಲೂ ಒಳಗೆ; ಜನ ಹೊರಗೆ, ಪಕ್ಕದ ಗೂಡಂಗಡಿಯ ತಗಡಿನ ಕೆಳಗೆ. ನೀರಿಗೆ ಇಳಿಜಾರು ಬೇಕೆಂಬುದನ್ನು ನಾವು ಮಾಡಿನಲ್ಲಿ ಮರೆತೆವು, ಗುಡ್ಡದಲ್ಲೂ ಮರೆತೆವು. ರಸ್ತೆಗಾಗಿ ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದೆವು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಇಳಿದಾಗ ಅದರಡಿಗೆ ಹೋದದ್ದರಲ್ಲಿ ದಾರಿಬದಿಯ ಚಹಾದಂಗಡಿಯೂ ಒಂದು. ದಾರಿಹೋಕರು ಕೂತು ಸುಧಾರಿಸಿಕೊಳ್ಳುತ್ತಿದ್ದ ಜಾಗ. ಈ ಮಾತನ್ನು ಇಲ್ಲಿಗೇ ಬಿಡುತ್ತೇನೆ, ಮುಂದುವರಿಸಿದರೆ ಉತ್ತರ ನಿಮಗಲ್ಲದೆ ಬೇರೆ ಯಾರಿಗೋ ಆಗುತ್ತದೆ.

ನಿಮ್ಮ ಮನೆಗೆ ಬರೋಣ. ಸ್ಲ್ಯಾಬು ಹಾಕಿಸಿ, ಬೇಡ ಎನ್ನುವುದಿಲ್ಲ. ಮಗನ ದುಡ್ಡು, ಮಗನ ಆಸೆ. ಮುಂದೆ ಮಾತ್ರ ಎಂಟು ಅಡಿ ಅಗಲದ ಜಗುಲಿ ಬರೆಸಿ. ಕೆಡವಿದ ಮನೆಯ ಹಂಚೂ ಕಂಬಗಳೂ ಅದಕ್ಕೆ ಸಾಕಾಗುತ್ತವೆ. ಕೂರಲು ಒಂದೂವರೆ ಅಡಿ ಎತ್ತರದ ಕಟ್ಟೆ, ಇರಚಲು ತಡೆಯಲು ಕಟ್ಟೆಯಿಂದ ಮೂರಡಿ ಮುಂದೆ ಚಾಚಿದ ಮಾಡು, ಮೆಟ್ಟಿಲ ಬಳಿ ಒಂದು ನಲ್ಲಿ. ಅಡುಗೆಮನೆಯ ಬಾಗಿಲು ಜಗುಲಿಗೇ ತೆರೆಯಲಿ. ಚಹಾ ಕಾಸುವ ಪಾಳಿಯನ್ನು ಬೇಸರಪಟ್ಟುಕೊಂಡ ಯಜಮಾನರಿಗೆ ಒಪ್ಪಿಸಿ, ಮೂವತ್ತೊಂದು ವರ್ಷ ನಿಂತು ಕಲಿಸಿದ ನೀವು ಕಂಬಕ್ಕೆ ಬೆನ್ನು ಕೊಟ್ಟು ಕೂರಿ. ಇಂಜಿನಿಯರು ಮತ್ತೆ ದಂಡದ ಜಾಗ ಎಂದರೆ ಹಳೆಯ ಬೆತ್ತ ಇದ್ದೇ ಇರುತ್ತದಲ್ಲ.

ಗೃಹಪ್ರವೇಶ ಮಳೆಗಾಲದಲ್ಲಾದರೆ ನಾನು ಬರುತ್ತೇನೆ. ಛತ್ರಿ ಎಲ್ಲಿಡಬೇಕು ಎಂಬುದನ್ನು ಮಾತ್ರ ಆಮಂತ್ರಣದಲ್ಲೇ ಕಾಣಿಸಿ.

– ಸಂ.