ಮನೆ ಕಂಪ್ಯೂಟರಿಗೆ ರೆಸ್ಕ್ಯೂ ಡಿಸ್ಕ್: ಡಿವಿಡಿ ಬಿಡಿ, ಪೆನ್‌ಡ್ರೈವ್ ಮಾಡಿ

ಮೇಡಂ, ಮೊನ್ನೆ ಮಳೇಲಿ ಕರೆಂಟ್ ಹೋಗಿ ಬಂದ ಮೇಲೆ ವಿಂಡೋಸ್ 'ಆಟೋಮ್ಯಾಟಿಕ್ ರಿಪೇರಿ' ಅಂತ ಸುತ್ತುತ್ತಾ ನಿಂತಿತ್ತು, ಆಮೇಲೆ ತಾನಾಗೇ ಸರಿಹೋಯ್ತು ಅಂತ ಈ ಗುಂಪಲ್ಲಿ ಬರೆದಿದ್ದೀರಿ. ಒಳಗೆ ನಿಮ್ಮ ತಂದೆಯವರು ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿರೋ ಬರಹಗಳಿವೆ, ಮನೇಲಿ ಖಾಲಿ ಡಿವಿಡಿಗಳಿವೆ, ಅದರಲ್ಲೇ ರೆಸ್ಕ್ಯೂ ಡಿಸ್ಕ್ (ವಿಂಡೋಸ್ ಏಳದಿದ್ದಾಗ ಕಂಪ್ಯೂಟರ್ ಶುರು ಮಾಡೋ ಡಿಸ್ಕ್) ಮಾಡಬಹುದಾ ಅನ್ನೋದು ನಿಮ್ಮ ಪ್ರಶ್ನೆ. ಅಂಗಡಿಯವರು "ಮತ್ತೆ ಹಾಗಾದ್ರೆ ತನ್ನಿ, ಫಾರ್ಮ್ಯಾಟ್ ಹೊಡೆದು ಕೊಡ್ತೀವಿ" ಅಂದ್ರಂತೆ.

ದಯವಿಟ್ಟು ಫಾರ್ಮ್ಯಾಟ್‌ಗೆ ಒಪ್ಪಬೇಡಿ, ಅದು ಡಿಸ್ಕಲ್ಲಿರೋದನ್ನೆಲ್ಲ ಅಳಿಸುತ್ತೆ. ವಿಂಡೋಸ್ ಏಳಲಿಲ್ಲ ಅಂದ ಮಾತ್ರಕ್ಕೆ ಫೈಲ್‌ಗಳು ಹೋದವು ಅಂತಲ್ಲ, ಹೆಚ್ಚಿನ ಸಲ ಅವು ಇದ್ದಲ್ಲೇ ಇರುತ್ತವೆ. ರೆಸ್ಕ್ಯೂ ಡಿಸ್ಕ್ ಮೊದಲು ಮಾಡಬೇಕಾದ್ದು ಆ ಫೈಲ್‌ಗಳನ್ನ ಹೊರಗೆ ತೆಗೆಯೋ ಕೆಲಸ. ವಿಂಡೋಸ್ ರಿಪೇರಿ ಏನಿದ್ರೂ ಆಮೇಲೆ. ಈ ಕ್ರಮ ಹಿಂದುಮುಂದಾದಾಗಲೇ ಜನ ವರ್ಷಗಟ್ಟಲೆಯ ಫೋಟೋ, ಬರಹ ಕಳಕೊಳ್ಳೋದು. ನಿಮ್ಮ ಕಂಪ್ಯೂಟರ್ ಈಗ ನಡೀತಿದೆ, ಹಾಗಾಗಿ ಈ ವಾರವೇ ಮಾಡಿ ಮುಗಿಸಿ.

ಡಿವಿಡಿ ಬೇಡ. ಒಂದು ಸಾಮಾನ್ಯ ಡಿವಿಡಿಯಲ್ಲಿ ಹಿಡಿಸೋದು 4.7 ಜಿಬಿ, ವಿಂಡೋಸ್ 11ರ ಐಎಸ್‌ಒ ಫೈಲೇ (ಇಡೀ ಡಿಸ್ಕನ್ನ ಒಂದೇ ಫೈಲ್ ಮಾಡಿದ್ದು) 5 ಜಿಬಿ ದಾಟಿದೆ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಖಾಲಿ ಡಿಸ್ಕನ್ನ ನಂಬೋದೂ ಕಷ್ಟ. 32 ಜಿಬಿಯ ಒಂದು ಪೆನ್‌ಡ್ರೈವ್ ತಗೊಳ್ಳಿ. ಎಸ್‌ಪಿ ರೋಡಿಗೆ (ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಬೀದಿ) ಹೋದ್ರೆ ಬಿಲ್ ಕೊಡೋ ಅಂಗಡೀಲೇ ತಗೊಳ್ಳಿ. ಕೆಲವು ನೂರು ರೂಪಾಯಿಗೆ 1 ಟಿಬಿ ಅಂತ ಯಾರಾದ್ರೂ ತೋರಿಸಿದ್ರೆ ಮುಟ್ಟಬೇಡಿ. ಅಂಥದ್ದರ ಒಳಗಿರೋ ಚಿಪ್ ಸುಳ್ಳು ಅಳತೆ ಹೇಳುತ್ತೆ, ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಹಾಳಾಗುತ್ತೆ. ತಂದ ಮೇಲೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಉಚಿತ ಪ್ರೋಗ್ರಾಂ ಓಡಿಸಿ. ಅದು ಡ್ರೈವ್ ಪೂರ್ತಿ ತುಂಬಿಸಿ, ಮತ್ತೆ ಓದಿ ನೋಡಿ, ಅಸಲಿಯೋ ನಕಲಿಯೋ ಹೇಳುತ್ತೆ.

ಪೆನ್‌ಡ್ರೈವ್‌ಗೆ ಕೈ ಹಾಕೋ ಮುಂಚೆ ಒಂದು ಕೆಲಸ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯೂರಿಟಿ ಒಳಗೆ 'ಡಿವೈಸ್ ಎನ್‌ಕ್ರಿಪ್ಷನ್' (ಡಿಸ್ಕಿಗೆ ಹಾಕೋ ಡಿಜಿಟಲ್ ಬೀಗ) ಆನ್ ಇದೆಯಾ ನೋಡಿ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿದ್ರೆ ನಮಗೆ ಗೊತ್ತಾಗದೇ ಆನ್ ಆಗಿರಬಹುದು. ಇದ್ರೆ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ಪುಟದಲ್ಲಿ ಬಿಟ್‌ಲಾಕರ್ (ಆ ಬೀಗದ ಹೆಸರು) ರಿಕವರಿ ಕೀ ಸಿಗುತ್ತೆ, 48 ಅಂಕಿ. ಅದನ್ನ ಕಾಗದದ ಮೇಲೆ ಬರೆದಿಡಿ. ಆ ಕೀ ಇಲ್ಲದಿದ್ರೆ ಯಾವ ರೆಸ್ಕ್ಯೂ ಡಿಸ್ಕ್‌ಗೂ ನಿಮ್ಮ ಸಿ ಡ್ರೈವ್ ಬೀಗ ಹಾಕಿದ ಕೋಣೆ.

ರೆಸ್ಕ್ಯೂ ಪೆನ್‌ಡ್ರೈವ್ ಮಾಡೋದಕ್ಕೆ ನಾನು ಹೇಳೋದು ವೆಂಟಾಯ್ ಅನ್ನೋ ಪ್ರೋಗ್ರಾಂ. ಅದರ ಸ್ವಂತ ಸೈಟಿನಿಂದ ಇಳಿಸಿ, ಓಡಿಸಿ, ಪೆನ್‌ಡ್ರೈವ್ ಆರಿಸಿ ಇನ್‌ಸ್ಟಾಲ್ ಒತ್ತಿ. ಆರಿಸುವಾಗ ಜಿಬಿ ಎಷ್ಟಿದೆ ಅಂತ ಎರಡು ಸಲ ನೋಡಿ, ಏಕೆಂದ್ರೆ ಆ ಡ್ರೈವ್‌ನಲ್ಲಿರೋದೆಲ್ಲ ಅಳಿಸಿಹೋಗುತ್ತೆ. ಪಕ್ಕದಲ್ಲಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಚುಚ್ಚಿದ್ರೆ ಮೊದಲು ಕಿತ್ತಿಡಿ. ಆಮೇಲೆ ಐಎಸ್‌ಒ ಫೈಲ್‌ಗಳನ್ನ ಹಾಡು ಕಾಪಿ ಮಾಡಿದ ಹಾಗೆ ಕಾಪಿ ಮಾಡಿದ್ರೆ ಆಯ್ತು, ಆ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು (ಬೂಟ್) ಆದಾಗ ಮೆನುವಿನಲ್ಲಿ ಬರುತ್ತವೆ. ನಿಮಗೆ ಮೂರು ಸಾಕು: ಲಿನಕ್ಸ್ ಮಿಂಟ್ (ಪೆನ್‌ಡ್ರೈವ್‌ನಿಂದಲೇ ನಡೆಯೋ ಬೇರೆ ಆಪರೇಟಿಂಗ್ ಸಿಸ್ಟಮ್), ಸಿಸ್ಟಮ್‌ರೆಸ್ಕ್ಯೂ (ರಿಪೇರಿ ಸಲಕರಣೆಗಳಿರೋ ಲಿನಕ್ಸ್), ಮೈಕ್ರೋಸಾಫ್ಟ್ ಸೈಟಿನ ವಿಂಡೋಸ್ ಐಎಸ್‌ಒ.

ವಿಂಡೋಸ್‌ನಲ್ಲೇ 'ರಿಕವರಿ ಡ್ರೈವ್' ಅಂತ ಒಂದಿದೆ, ಅದಕ್ಕೆ ಬೇರೆ ಪೆನ್‌ಡ್ರೈವ್ ಬೇಕು, 16 ಜಿಬಿಯಾದ್ರೂ ಇರಲಿ. ಮಾಡಿಟ್ಟುಕೊಂಡ್ರೆ ಒಳ್ಳೇದೇ. ಆದ್ರೆ ಅದರೊಳಗೆ ನಿಮ್ಮ ಫೈಲ್ ಒಂದೂ ಇರಲ್ಲ. ಅದನ್ನೇ ಬ್ಯಾಕಪ್ ಅಂದುಕೊಂಡು ನೆಮ್ಮದಿಯಾಗಿರೋರು ಈ ಗುಂಪಲ್ಲೇ ಇದ್ದಾರೆ.

ಪೆನ್‌ಡ್ರೈವ್ ರೆಡಿಯಾದ ದಿನವೇ ಬೂಟ್ ಮಾಡಿ ನೋಡಿ. ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀ ಒತ್ತುತ್ತಾ ಇರಬೇಕು. ಡೆಲ್, ಲೆನೊವೊ, ಗಿಗಾಬೈಟ್‌ನಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಎಂಎಸ್‌ಐನಲ್ಲಿ ಎಫ್11, ಅಸೂಸ್ ಮದರ್‌ಬೋರ್ಡಿನಲ್ಲಿ ಎಫ್8. ಸೆಕ್ಯೂರ್ ಬೂಟ್ (ಗುರುತಿಲ್ಲದ ಡಿಸ್ಕ್‌ನಿಂದ ಶುರುವಾಗೋದನ್ನ ತಡೆಯೋ ವ್ಯವಸ್ಥೆ) ಆನ್ ಇದ್ರೆ ಮೊದಲ ಸಲ ವೆಂಟಾಯ್ ನೀಲಿ ಪರದೆ ತೋರಿಸುತ್ತೆ. ಅದರಲ್ಲಿ ವೆಂಟಾಯ್‌ನ ಡಿಜಿಟಲ್ ಕೀ ಸೇರಿಸೋ ಆಯ್ಕೆ ಇದೆ, ಒಂದು ಸಲ ಸೇರಿಸಿದ್ರೆ ಆ ಕಂಪ್ಯೂಟರಿಗೆ ಸಾಕು. ಅದರ ಬದಲು ಸೆಕ್ಯೂರ್ ಬೂಟ್ ಆಫ್ ಮಾಡಿದ್ರೆ ಬಿಟ್‌ಲಾಕರ್ ಎದ್ದು ಆ 48 ಅಂಕಿ ಕೇಳಬಹುದು. ಮೊದಲೇ ಬರೆದಿಡಿ ಅಂದಿದ್ದು ಇದಕ್ಕೂ ಸೇರಿಸಿ.

ಮೆನುವಿನಲ್ಲಿ ಲಿನಕ್ಸ್ ಮಿಂಟ್ ಆರಿಸಿ. ಅದು ಬಂದ ಮೇಲೆ ಡೆಸ್ಕ್‌ಟಾಪ್ ಮೇಲೆ 'ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ಅಂತ ಒಂದು ಐಕಾನ್ ಇರುತ್ತೆ. ಅದನ್ನ ಒತ್ತಲೇಬೇಡಿ, ಮನೇಲಿ ಬೇರೆಯವರಿಗೂ ಹೇಳಿ. ಫೈಲ್ಸ್ ತೆರೆದು ವಿಂಡೋಸ್ ಡ್ರೈವ್ ಒಳಗೆ 'ಯೂಸರ್ಸ್' ಫೋಲ್ಡರ್‌ಗೆ ಹೋಗಿ, ತಂದೆಯವರ ಹೆಸರಿನ ಫೋಲ್ಡರನ್ನ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ (ಪೂರ್ತಿ ಆಫ್ ಆಗದೇ ಬೇಗ ಏಳೋ ವ್ಯವಸ್ಥೆ) ಡ್ರೈವ್ 'ರೀಡ್ ಓನ್ಲಿ' (ಓದೋಕೆ ಮಾತ್ರ) ಅಂತ ಬರಬಹುದು. ಬರಲಿ, ಓದಿ ಕಾಪಿ ಮಾಡೋಕೆ ಅಷ್ಟು ಸಾಕು, ಒಳ್ಳೇದೂ ಹೌದು.

ನುಡಿ ಫೈಲ್‌ಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಬರಹವನ್ನ ಮಿಂಟ್‌ನಲ್ಲಿ ತೆರೆದ್ರೆ ಕನ್ನಡ ಕಾಣಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆ, ಅಂಕಿ ಎಲ್ಲ ಕಲಸಿದ ಹಾಗೆ ಕಾಣುತ್ತೆ. ಗಾಬರಿ ಬೇಡ, ಫೈಲ್ ಕೆಟ್ಟಿಲ್ಲ, ಆ ಫಾಂಟ್ ಅಲ್ಲಿಲ್ಲ ಅಷ್ಟೇ. ಸರಿಮಾಡೋಕೆ ಹೋಗಿ ಸೇವ್ ಒತ್ತಬೇಡಿ, ಹಾಗೇ ಮುಚ್ಚಿ ಕಾಪಿ ಮಾಡಿ. ವಿಂಡೋಸ್ ಫೋಲ್ಡರಿನ 'ಫಾಂಟ್ಸ್' ಒಳಗಿಂದ ಹೆಸರಲ್ಲಿ ನುಡಿ ಅಂತ ಇರೋ ಫೈಲ್‌ಗಳನ್ನೂ ಜೊತೆಗೇ ತಗೊಳ್ಳಿ. ನಾಳೆ ಬೇರೆ ಕಂಪ್ಯೂಟರಿನಲ್ಲಿ ಅಪ್ಪನ ಬರಹ ಅದೇ ರೂಪದಲ್ಲಿ ಓದಬೇಕಂದ್ರೆ ಅವು ಬೇಕು.

ಕಾಪಿ ಮಾಡುವಾಗ ವೇಗ ತೀರಾ ಬಿದ್ದುಹೋದ್ರೆ ಅಥವಾ ಹಾರ್ಡ್‌ಡಿಸ್ಕ್ ಟಕ್ ಟಕ್ ಅಂದ್ರೆ ಅಲ್ಲಿಗೇ ನಿಲ್ಲಿಸಿ. ವಿಂಡೋಸ್‌ನ ಡಿಸ್ಕ್ ಸರಿಮಾಡೋ ಪ್ರೋಗ್ರಾಂ ಚೆಕ್‌ಡಿಸ್ಕ್ ಓಡಿಸಬೇಡಿ, ಸಾಯ್ತಿರೋ ಡಿಸ್ಕ್ ಮೇಲೆ ಅದು ಇನ್ನಷ್ಟು ಬರೆಯುತ್ತೆ. ಟಕ್ ಟಕ್ ಇದ್ರೆ ಪವರ್ ಆಫ್ ಮಾಡಿ ಡೇಟಾ ರಿಕವರಿ ಮಾಡೋರ ಹತ್ರ ಹೋಗಿ. ಸದ್ದಿಲ್ಲ, ಬರೀ ನಿಧಾನ ಅಂದ್ರೆ ಸಿಸ್ಟಮ್‌ರೆಸ್ಕ್ಯೂನಲ್ಲಿ ಡಿಡಿರೆಸ್ಕ್ಯೂ ಅನ್ನೋ ಕಾಪಿ ಪ್ರೋಗ್ರಾಂ ಇದೆ. ಅದು ಸುಲಭವಾಗಿ ಓದಕ್ಕೆ ಬರೋ ಭಾಗವನ್ನ ಮೊದಲು ತೆಗೆದುಕೊಂಡು, ಕೆಟ್ಟ ಜಾಗಕ್ಕೆ ಕೊನೇಲಿ ಬರುತ್ತೆ, ಎಲ್ಲಿವರೆಗೆ ಆಯ್ತು ಅನ್ನೋದನ್ನ ಮ್ಯಾಪ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತೆ. ನಡುವೆ ಕರೆಂಟ್ ಹೋದ್ರೂ ಅಲ್ಲಿಂದಲೇ ಮುಂದುವರಿಸಬಹುದು. ಅದರ ಕಮಾಂಡ್‌ನಲ್ಲಿ ಮೂಲ ಡಿಸ್ಕ್, ಗುರಿ ಡಿಸ್ಕ್ ಅದಲುಬದಲಾದ್ರೆ ಇರೋದೂ ಹೋಗುತ್ತೆ, ಹಾಗಾಗಿ ಒಬ್ಬರೇ ಮಾಡಬೇಡಿ, ಇಲ್ಲಿ ಕೇಳಿ.

ಒಂದು ಯುಪಿಎಸ್ ಕೂಡ ಹಾಕಿಸಿ. ಬೂಟ್ ಮೆನು ಬರಲಿಲ್ಲ ಅಂದ್ರೆ ಆನ್ ಆಗುವಾಗಿನ ಮೊದಲ ಪರದೆಯ ಫೋಟೋ ಇಲ್ಲೇ ಹಾಕಿ, ಯಾವ ಕೀ ಅಂತ ನೋಡಿ ಹೇಳ್ತೀನಿ.