ಹಳೆ ಬೀಟೆ ಪೆಟ್ಟಿಗೆಗೆ ಸ್ಯಾಂಡ್ ಪೇಪರ್ ಬೇಡ ಅಣ್ಣಾ

ಅಣ್ಣಾ, ಮೊದಲು ಆ 80 ನಂಬರ್ ಪೇಪರ್ ಕೆಳಗಿಡಿ. ಬಿಳಿ ಹೂವು ಕೂಡಿಸಿದ ಅಜ್ಜನ ಪೆಟ್ಟಿಗೆಯ ಮುಚ್ಚಳ ಅರ್ಧ ತಿಕ್ಕಿ ಫೋಟೋ ಹಾಕಿದ್ದೀರಿ, ಉಳಿದರ್ಧ ಮುಟ್ಟಲೇಬೇಡಿ. ಕಲಬುರಗಿಯಲ್ಲಿ ನಮ್ಮ ತಾತನ ಬರೆಯುವ ಪೆಟ್ಟಿಗೆಗೆ ನಾನು ಇದೇ ಮಾಡಿದ್ದೆ. ಬಿಳಿ ಹೂವುಗಳ ಮೇಲೆ ಕೂದಲೆಳೆಯಂಥ ಕಪ್ಪು ಗೆರೆಗಳಿದ್ದವು, ಕೊಳೆ ಅಂದುಕೊಂಡು ತಿಕ್ಕಿದೆ. ಅದು ದಂತದಲ್ಲಿ ಗೀರು ಹಾಕಿ ಕಪ್ಪು ಅರಗು ತುಂಬಿದ ಕೆಲಸ. ಹತ್ತೇ ನಿಮಿಷ, ಎಲೆಯ ನರ, ಹೂವಿನ ಎಸಳು ಎಲ್ಲ ಹೋಗಿ ಬರೀ ಬಿಳಿ ಚುಕ್ಕೆ ಉಳಿದವು. ಇವತ್ತಿಗೂ ಆ ಮುಚ್ಚಳ ನೋಡಿದರೆ ಹೊಟ್ಟೆ ಉರಿಯುತ್ತದೆ.

ಪೆಟ್ಟಿಗೆ ಯಾವ ಕಡೆಯದು ಅನ್ನುವುದಕ್ಕೆ ಆ ಗೆರೆಗಳೂ ಒಂದು ಸುಳಿವು. 18ನೇ ಶತಮಾನದಲ್ಲಿ ವಿಶಾಖಪಟ್ಟಣ ಈ ಕೆಲಸಕ್ಕೆ ಹೆಸರಾಗಿತ್ತು. ಆದರೆ ಮೈಸೂರಲ್ಲೂ ಗೀರುತ್ತಿದ್ದರು, ಅದೊಂದನ್ನೇ ನಂಬಬೇಡಿ. ಕೀಲು, ಬೀಗ, ಸ್ಕ್ರೂ ನೋಡಿ. ಕೈಯಲ್ಲಿ ಮಾಡಿದ ಹಳೆ ಸ್ಕ್ರೂನ ತಲೆಯ ಸೀಳು ನಡುವಿಗೆ ಸರಿಯಾಗಿ ಇರಲ್ಲ. ಮತ್ತೆ ಕೆಳಗೆ ಕಾಮೆಂಟಿನಲ್ಲಿ ಯಾರೋ ಇದು ಬಿದ್ರಿ ಅಂದಿದ್ದಾರೆ, ಅಲ್ಲ. ಬಿದ್ರಿ ಅಂದರೆ ಸತು-ತಾಮ್ರದ ಎರಕದಲ್ಲಿ ಬೆಳ್ಳಿ ಕೂಡಿಸುವುದು, ಮರದ್ದಲ್ಲ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಮುತ್ತಿನ ಚಿಪ್ಪು ಕೂಡಿಸಿದ್ದನ್ನು ಒಮ್ಮೆ ನೋಡಿ ಬನ್ನಿ, ಕೂಡು ಎಷ್ಟು ಬಿಗಿ ಇರಬೇಕು ಅಂತ ಗೊತ್ತಾಗುತ್ತದೆ.

ಎದ್ದ ತುಂಡುಗಳಿಗೆ ಫೆವಿಕಾಲ್ ಬೇಡ. ಹೊಸ ಪ್ಲೈವುಡ್‌ಗೆ ನಾನೂ ಅದನ್ನೇ ಬಳಸುವುದು, ಇಲ್ಲಿ ಮಾತ್ರ ಸರೇಸು, ಅಂದರೆ ಪ್ರಾಣಿಯ ಚರ್ಮ, ಮೂಳೆಯಿಂದ ಮಾಡಿದ ಅಂಟು. ಮುಂದೆ ಯಾರಾದರೂ ಬಿಚ್ಚಬೇಕಾದರೆ ಬಿಸಿ, ತೇವ ಕೊಟ್ಟರೆ ಬಿಡುತ್ತದೆ. ರಾತ್ರಿ ನೀರಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಕುದಿಸಿದರೆ ಹಿಡಿತ ಹೋಗುತ್ತದೆ. ಹಿತ್ತಾಳೆ ಪಟ್ಟಿಯಾದರೆ ಹಿಂಬದಿಗೆ ಬೆಳ್ಳುಳ್ಳಿ ಎಸಳು ತಿಕ್ಕಿ ಆಮೇಲೆ ಸರೇಸು ಹಚ್ಚಿ, ಚೆನ್ನಾಗಿ ಹಿಡಿಯುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಉಸುಕಿನ ಸಣ್ಣ ಚೀಲ, ಒಂದು ದಿನ ಬಿಡಿ. ಇಟ್ಟಿಗೆ ಇಟ್ಟರೆ ಒಂದೇ ಕಡೆ ಒತ್ತುತ್ತದೆ, ಉಸುಕು ಮೇಲ್ಮೈಗೆ ತಕ್ಕಂತೆ ಕೂರುತ್ತದೆ.

ಟಚ್‌ವುಡ್ ವಾರ್ನಿಶ್ ಹಚ್ಚುವೆ ಅಂದಿರಿ, ಬೇಡ್ರೀ. ಮೂಲೆಯಲ್ಲಿ ಸ್ಪಿರಿಟ್ ಹನಿ ಹಾಕಿ ನೋಡಿ, ಅಂಟಂಟಾದರೆ ಅದು ಅರಗಿನ ಹಳೆ ಪಾಲಿಶ್. ಅದರ ಮೇಲೆ ಅರಗಿನ ಪಾಲಿಶ್ಶೇ ಕೂರುತ್ತದೆ. ನೀರು ಹಾಕಿ ಒರೆಸುವುದೂ ಬೇಡ, ದಂತ ಬಿರಿಯುತ್ತದೆ. ಸೂಜಿ ಕಾಯಿಸಿ ದಂತವೋ ಮೂಳೆಯೋ ಅಂತ ಪರೀಕ್ಷೆ ಮಾಡುವವರ ಮಾತು ಕೇಳಬೇಡಿ, ಭೂತಗನ್ನಡಿಯಲ್ಲೇ ಮೂಳೆಯ ಸಣ್ಣ ತೂತು, ಕಂದು ಗೆರೆ ಕಾಣುತ್ತವೆ. ದಂತವೇ ಆಗಿದ್ದರೆ ಮಾರುವ ಯೋಚನೆ ಬಿಡಿ, 1972ರ ವನ್ಯಜೀವಿ ಕಾಯ್ದೆ ಬಿಡಲ್ಲ.

ಬೇಸಿಗೆಯಲ್ಲಿ ಕೂಲರ್ ಎದುರಿಗೆ ಮಾತ್ರ ಇಡಬೇಡಿ. ನಮ್ಮ ಒಣ ಬಿಸಿಲು, ರಾತ್ರಿ ಕೂಲರ್ ತೇವ, ಮರ ಹಿಗ್ಗಿ ಕುಗ್ಗಿ ಅಂಟಿಸಿದ್ದೆಲ್ಲ ಮತ್ತೆ ಏಳುತ್ತದೆ.