ಟೆಕ್ಸಸ್ ಕಾರು, ಮಿನ್ನೆಸೋಟ ಚಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದಲ್ಲಿ ಚಳಿಗಾಲದ ನಡುವೆ ಮನೆ ಬದಲಿಸಿ, ದೂರದ ಊರಿಗೆ ರಸ್ತೆಯಲ್ಲೇ ಹೊರಡುವ ಓದುಗರ ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮಿನ್ನೆಯಾಪೊಲಿಸ್‌ನಲ್ಲಿ ಕೆಲಸ ಸಿಕ್ಕಿದೆ. ಜನವರಿ ಎರಡನೇ ವಾರ ನಾನು, ಹೆಂಡತಿ, ನಾಲ್ಕು ವರ್ಷದ ಮಗಳು ಡಲ್ಲಾಸ್‌ನಿಂದ ಕಾರಿನಲ್ಲಿ ಹೊರಡುತ್ತೇವೆ. ಸಾಮಾನು ಬೇರೆ ಬರುತ್ತದೆ. ಆರು ವರ್ಷದ ಸೆಡಾನ್, ಟೆಕ್ಸಸ್ ದಾಟಿದ್ದೇ ಇಲ್ಲ. ಕಾರಿಗೆ ಏನೇನು ಮಾಡಿಸಬೇಕು? ಎರಡು ದಿನದಲ್ಲಿ ತಲುಪಬಹುದೇ? (ಓದುಗರು, ಪ್ಲೇನೋ)

ಉತ್ತರ: ಎರಡು ದಿನದ ಲೆಕ್ಕ ಬಿಟ್ಟುಬಿಡಿ. ಮೂರು ಹಗಲು ಇಟ್ಟುಕೊಳ್ಳಿ, ಇನ್ನೊಂದು ದಿನ ಕೈಯಲ್ಲಿರಲಿ. ಕಾರಣ ಆಮೇಲೆ ಹೇಳುತ್ತೇವೆ, ಮೊದಲು ಕಾರು.

ಹೆಚ್ಚಿನವರು ಮರೆಯುವುದು ವೈಪರ್ ನೀರನ್ನು. ಟೆಕ್ಸಸ್‌ನಲ್ಲಿ ಸಾಮಾನ್ಯವಾಗಿ ತುಂಬಿಸುವುದು ಸತ್ತ ಹುಳ ತೊಳೆಯುವ ಬೇಸಿಗೆ ದ್ರಾವಣ. ಅದು ಹೆಚ್ಚುಕಡಿಮೆ ಸೊನ್ನೆ ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಹಿಮ ಬಿದ್ದ ಹೈವೇಯಲ್ಲಿ ಮುಂದಿನ ಲಾರಿಯ ಚಕ್ರಗಳು ಕರಗಿದ ಹಿಮ, ಉಪ್ಪು, ಮರಳು ಕಲೆತ ಬೂದುಬಣ್ಣದ ರಾಡಿಯನ್ನು ನಿಮ್ಮ ಗಾಜಿಗೆ ಎರಚುತ್ತವೆ. ಬರೀ ವೈಪರ್ ಹಾಕಿದರೆ ರಾಡಿ ಉದ್ದಕ್ಕೂ ಹರಡಿ, ಒಣಗಿ, ಬಿಳಿ ಪೊರೆಯಾಗುತ್ತದೆ. ಅದರ ಮೇಲೆ ಇಳಿಬಿಸಿಲು ಬಿತ್ತೆಂದರೆ ಮುಂದಿನ ಗಾಡಿಯ ಬ್ರೇಕ್ ದೀಪವೂ ಕಾಣುವುದಿಲ್ಲ. ಆದ್ದರಿಂದ ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ತೊಟ್ಟಿ ಖಾಲಿಯಾಗುವವರೆಗೆ ಬಿಟ್ಟು ಬಿಟ್ಟು ಚಿಮ್ಮಿಸಿ, ಮೈನಸ್ 20 ಫ್ಯಾರನ್‌ಹೀಟ್ (ಮೈನಸ್ 29 ಸೆಲ್ಸಿಯಸ್) ಎಂದು ಬರೆದ ದ್ರಾವಣ ತುಂಬಿಸಿ, ಮತ್ತೆ ಇಪ್ಪತ್ತು ಸೆಕೆಂಡ್ ಚಿಮ್ಮಿಸಿ. ಈ ಕೊನೆಯ ಕೆಲಸ ತಪ್ಪಿಸಬೇಡಿ: ತೊಟ್ಟಿಯಲ್ಲಿ ಹೊಸದಿದ್ದರೂ ಪೈಪಿನಲ್ಲಿ ಹಳೆಯದು ನಿಂತಿದ್ದರೆ ಅಲ್ಲೇ ಗಡ್ಡೆ ಕಟ್ಟಿ ದಾರಿ ಮುಚ್ಚುತ್ತದೆ. ಕೆಟ್ಟ ದಿನವಾದರೆ ಒಂದು ಗ್ಯಾಲನ್, ಅಂದರೆ 3.8 ಲೀಟರ್, ಸಂಜೆಯೊಳಗೆ ಮುಗಿಯಬಹುದು. ಡಿಕ್ಕಿಯಲ್ಲಿ ಇನ್ನೊಂದು ಡಬ್ಬ ಇರಲಿ.

ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್‌ನಲ್ಲಿ ಎಥಿಲೀನ್ ಗ್ಲೈಕಾಲ್ ಮತ್ತು ನೀರು ಅರ್ಧಕ್ಕರ್ಧ ಇದ್ದರೆ ಮೈನಸ್ 37 ಸೆಲ್ಸಿಯಸ್‌ವರೆಗೆ ತೊಂದರೆಯಿಲ್ಲ. ಬೇಸಿಗೆಯಲ್ಲಿ ಮಟ್ಟ ಇಳಿದಾಗಲೆಲ್ಲ ಬರೀ ನೀರು ಸುರಿದಿದ್ದರೆ ಗ್ಲೈಕಾಲ್ ಮೂರನೇ ಒಂದು ಪಾಲಿಗೆ ಬಂದಿರಬಹುದು. ಆಗ ಮೈನಸ್ 18ರ ಸುಮಾರಿಗೇ ಹೆಪ್ಪುಗಟ್ಟಲು ಶುರು. ಮಿನ್ನೆಯಾಪೊಲಿಸ್‌ನ ಜನವರಿ ರಾತ್ರಿಗಳಲ್ಲಿ ಅಷ್ಟು ಚಳಿ ಅಪರೂಪವಲ್ಲ. ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಅಗ್ಗದ ಹೈಡ್ರೋಮೀಟರ್ ತಂದು, ಎಂಜಿನ್ ಪೂರ್ತಿ ತಣ್ಣಗಾಗಿರುವಾಗ ಮುಚ್ಚಳ ತೆಗೆದು ಒಂದಿಷ್ಟು ಎಳೆದರೆ ಮುಳ್ಳು ನೇರವಾಗಿ ಡಿಗ್ರಿ ತೋರಿಸುತ್ತದೆ. ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಪೂರ್ತಿ ಗ್ಲೈಕಾಲನ್ನೇ ತುಂಬಬೇಡಿ. ನೀರಿಲ್ಲದ ಗ್ಲೈಕಾಲ್ ಮೈನಸ್ 13ರ ಹತ್ತಿರವೇ ಗಟ್ಟಿಯಾಗುತ್ತದೆ.

ಬ್ಯಾಟರಿಯನ್ನು ಡಲ್ಲಾಸ್‌ನ ಬೇಸಿಗೆ ಒಳಗಿಂದ ತಿಂದಿರುತ್ತದೆ, ಮಿನ್ನೆಸೋಟದ ಚಳಿ ಅದನ್ನು ಬಯಲಿಗೆಳೆಯುತ್ತದೆ. ಮೂರು ವರ್ಷ ದಾಟಿದ್ದರೆ ಹೊರಡುವ ಮುನ್ನವೇ ಬದಲಿಸಿ. ಇಲ್ಲದಿದ್ದರೆ ಲೋಡ್ ಟೆಸ್ಟ್ ಮಾಡಿಸಿ. ಹೆಚ್ಚಿನ ಬಿಡಿಭಾಗದ ಅಂಗಡಿಗಳು ಇದನ್ನು ಪುಕ್ಕಟೆ ಮಾಡಿಕೊಡುತ್ತವೆ. ಮೀಟರ್ 12.6 ವೋಲ್ಟ್ ತೋರಿಸಿತೆಂದು ಸಮಾಧಾನ ಬೇಡ, ಸ್ಟಾರ್ಟರ್ ಎಳೆಯುವಾಗ ಆ ವೋಲ್ಟ್ ಎಷ್ಟಕ್ಕೆ ಕುಸಿಯುತ್ತದೆ ಎಂಬುದೇ ಲೆಕ್ಕಕ್ಕೆ ಬರುವುದು.

ಟೈರಿನ ಗಾಳಿ ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್ ಇಳಿತಕ್ಕೆ ಸುಮಾರು 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ಡಲ್ಲಾಸ್‌ನ 60 ಡಿಗ್ರಿಯಲ್ಲಿ 35 ತುಂಬಿಸಿದ್ದು ಮೈನಸ್ 10ರಲ್ಲಿ 28 ಆಗಿರುತ್ತದೆ. ಎಚ್ಚರಿಕೆ ದೀಪ ಸಾಮಾನ್ಯವಾಗಿ ಕಾಲುಭಾಗ ಇಳಿದ ಮೇಲೆ ಮಾತ್ರ ಹತ್ತುವುದರಿಂದ ನಿಮಗೆ ಗೊತ್ತೇ ಆಗುವುದಿಲ್ಲ. ದಿನಾ ಬೆಳಗ್ಗೆ ಹೊರಡುವ ಮೊದಲೇ ಗೇಜ್ ಹಿಡಿಯಿರಿ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟದೊಳಗೆ ಹಿಮಹಳುಕಿನ ಗುರುತಿದೆಯೇ ನೋಡಿ. ಆ ಗುರುತಿದ್ದರೆ ಟೈರು ಹಿಮದ ಪರೀಕ್ಷೆ ಪಾಸಾಗಿದೆ ಎಂದರ್ಥ. ಬರೀ ‘ಎಂ ಪ್ಲಸ್ ಎಸ್’ (ಮಡ್ ಪ್ಲಸ್ ಸ್ನೋ, ಕೆಸರು ಮತ್ತು ಹಿಮ) ಎಂದಿದ್ದರೆ ಅಷ್ಟು ಭರವಸೆಯಿಲ್ಲ. ಹೇಗೂ ಟೈರ್ ಬದಲಿಸುವ ಹೊತ್ತಾಗಿದ್ದರೆ ಹಿಮಹಳುಕಿನ ಗುರುತಿನ ‘ಆಲ್ ವೆದರ್’ ಟೈರನ್ನು ನಾಲ್ಕೂ ಚಕ್ರಕ್ಕೆ ಹಾಕಿಸಿ. ಎರಡಕ್ಕೇ ಹಾಕಿಸಿದರೆ ಹಿಡಿತವಿರುವ ತುದಿಯೊಂದು ಕಡೆ, ಇಲ್ಲದ ತುದಿಯೊಂದು ಕಡೆ ಹೋಗಿ ಕಾರು ಗಿರಕಿ ಹೊಡೆಯುತ್ತದೆ.

ಈಗ ದಾರಿ. ಐ-35 ಹೈವೇ ಹಿಡಿದರೆ ಸುಮಾರು 1,000 ಮೈಲಿ, ಅಂದರೆ 1,600 ಕಿ.ಮೀ. ಮೊದಲ ರಾತ್ರಿ ವಿಚಿಟಾ, ಎರಡನೆಯದು ಡೆ ಮೊಯ್ನ್, ಮೂರನೇ ದಿನ ಮಧ್ಯಾಹ್ನ ಮನೆ. ಬೆಳಗ್ಗೆ 8ಕ್ಕೆ ಹೊರಟು ಸಂಜೆ 4ಕ್ಕೆ ಕೋಣೆ ಸೇರುವ ಹಾಗಿರಲಿ. ಆ ತಿಂಗಳು ಉತ್ತರದಲ್ಲಿ 5ರ ಹೊತ್ತಿಗೆ ಕತ್ತಲು, ಹಗಲು ಕರಗಿದ ನೀರು ಆಗಲೇ ಮತ್ತೆ ಗಡ್ಡೆಯಾಗುವುದು.

ಹೊಸಬರ ಭಯವೆಲ್ಲ ಮಿನ್ನೆಸೋಟದ ಹಿಮದ ಮೇಲಿರುತ್ತದೆ. ನಾವು ಹೆಚ್ಚು ಹೆದರುವುದು ನಿಮ್ಮ ಮೊದಲ ದಿನಕ್ಕೆ, ಉತ್ತರ ಟೆಕ್ಸಸ್‌ನಿಂದ ಒಕ್ಲಹೋಮ ದಾಟಿ ದಕ್ಷಿಣ ಕ್ಯಾನ್ಸಸ್‌ವರೆಗಿನ ಪಟ್ಟಿಗೆ. ಅಲ್ಲಿ ಹಿಮಕ್ಕಿಂತ ಕೆಟ್ಟದ್ದೊಂದು ಬೀಳುತ್ತದೆ: ನೆಲ ಮುಟ್ಟಿದೊಡನೆ ಗಡ್ಡೆಯಾಗುವ ಮಳೆ, ಫ್ರೀಜಿಂಗ್ ರೇನ್. ಒಣ ಹಿಮದ ಮೇಲೆ ಒಳ್ಳೆಯ ಟೈರಿಗೆ ಒಂದಿಷ್ಟು ಹಿಡಿತ ಸಿಗುತ್ತದೆ, ಈ ಗಡ್ಡೆಯ ಮೇಲೆ ಯಾವ ಟೈರಿಗೂ ಸರಿಯಾಗಿ ಸಿಗುವುದಿಲ್ಲ. 2021ರ ಫೆಬ್ರವರಿ 11ರಂದು ನಿಮ್ಮ ಪಕ್ಕದ ಫೋರ್ಟ್ ವರ್ತ್‌ನಲ್ಲೇ, ಐ-35 ವೆಸ್ಟ್‌ನಲ್ಲಿ, ತುಂತುರು ಗಡ್ಡೆಗಟ್ಟಿ 130ಕ್ಕೂ ಹೆಚ್ಚು ವಾಹನ ಒಂದರ ಮೇಲೊಂದು ನುಗ್ಗಿ 6 ಜನ ತೀರಿಕೊಂಡರು. ಆದ್ದರಿಂದ ನ್ಯಾಷನಲ್ ವೆದರ್ ಸರ್ವಿಸ್ ‘ಐಸ್ ಸ್ಟಾರ್ಮ್ ವಾರ್ನಿಂಗ್’ ಅಥವಾ ಫ್ರೀಜಿಂಗ್ ರೇನ್ ಸೂಚನೆ ಕೊಟ್ಟ ದಿನ ಹೊರಡಲೇಬೇಡಿ. ಆ ನಾಲ್ಕನೇ ದಿನ ಬೇಕಾಗಿರುವುದು ಇದಕ್ಕೇ.

ರಸ್ತೆಯ ಸ್ಥಿತಿ ತಿಳಿಯಲು ಕ್ಯಾನ್ಸಸ್‌ಗೆ ಕ್ಯಾನ್‌ಡ್ರೈವ್, ಅಯೋವ ಮತ್ತು ಮಿನ್ನೆಸೋಟಕ್ಕೆ ಅವರವರ 511 ಸೇವೆ ನೋಡಿಕೊಳ್ಳಿ. ‘ಟ್ರಾವೆಲ್ ನಾಟ್ ಅಡ್ವೈಸ್ಡ್’ ಎಂದಿದ್ದರೆ ಇದ್ದ ಊರಲ್ಲೇ ಇರಿ. 2019ರ ಫೆಬ್ರವರಿಯ ಹಿಮಗಾಳಿಯಲ್ಲಿ ದಕ್ಷಿಣ ಮಿನ್ನೆಸೋಟದ ಐ-35 ಮುಚ್ಚಿತ್ತು. ಮುಚ್ಚಿದ ರಸ್ತೆಗೆ ಕಾರು ಇಳಿಸಿದರೆ ಅಲ್ಲಿ 1,000 ಡಾಲರ್‌ವರೆಗೆ ದಂಡ, 90 ದಿನದವರೆಗೆ ಜೈಲು.

ವಿಚಿಟಾದಿಂದ ಎಂಪೋರಿಯಾವರೆಗೆ ಕ್ಯಾನ್ಸಸ್ ಟರ್ನ್‌ಪೈಕ್. ಫ್ಲಿಂಟ್ ಹಿಲ್ಸ್‌ನ ಬಯಲು ಅದು, ಎಕ್ಸಿಟ್‌ಗಳು ದೂರದೂರ. ಅರ್ಧ ಟ್ಯಾಂಕ್‌ಗಿಂತ ಕಡಿಮೆ ಪೆಟ್ರೋಲ್ ಇಟ್ಟುಕೊಂಡು ಹತ್ತಬೇಡಿ. 2024ರ ಜುಲೈನಿಂದ ಅಲ್ಲಿ ನಗದು ಟೋಲ್ ಇಲ್ಲ, ಡಲ್ಲಾಸ್‌ನ ಟೋಲ್‌ಟ್ಯಾಗ್ ನಡೆಯುತ್ತದೆ. ಟ್ಯಾಗ್ ಇಲ್ಲದಿದ್ದರೆ ಬಿಲ್ ಹೋಗುವುದು ಕಾರಿನ ನೋಂದಣಿಯ ಹಳೇ ವಿಳಾಸಕ್ಕೆ. ಅಂಚೆಯಲ್ಲಿ ವಿಳಾಸ ಬದಲಾವಣೆ ಮೊದಲೇ ಕೊಟ್ಟಿರಿ.

ಮಗಳ ವಿಷಯ: ದಪ್ಪ ಜಾಕೆಟ್ ಹಾಕಿಸಿ ಕಾರ್ ಸೀಟಿನ ಬೆಲ್ಟ್ ಬಿಗಿಯಬೇಡಿ. ಡಿಕ್ಕಿಯಾದಾಗ ಜಾಕೆಟ್‌ನೊಳಗಿನ ಗಾಳಿ ಅಮುಕಿಹೋಗಿ ಬೆಲ್ಟ್ ಸಡಿಲವಾಗುತ್ತದೆ, ಮಗು ಜಾರಿಹೋಗಬಹುದು. ತೆಳು ಉಣ್ಣೆ ಅಂಗಿಯ ಮೇಲೆ ಬೆಲ್ಟ್ ಹಾಕಿ, ಜಾಕೆಟನ್ನು ಮುಂದಿನಿಂದ ಹೊದಿಸಿ.

ಪ್ರಶ್ನೆ: ಕಾರು ಜಾರತೊಡಗಿದರೆ ಬ್ರೇಕ್ ಹಾಕಬೇಕೋ ಬೇಡವೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. (ಓದುಗರು, ತುಲ್ಸಾ)

ಉತ್ತರ: ಎರಡೂ ಮಾತು ನಿಜ, ಸಂದರ್ಭ ಬೇರೆ. ಕಾರು ಪಕ್ಕಕ್ಕೆ ಜಾರುತ್ತಿದ್ದರೆ ಬ್ರೇಕ್ ಬೇಡ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ನೀವು ಹೋಗಬೇಕಾದ ಕಡೆಗೆ ಕಣ್ಣಿಟ್ಟು, ಸ್ಟೀರಿಂಗನ್ನು ಮೆಲ್ಲಗೆ ಆ ಕಡೆಗೇ ತಿರುಗಿಸಿ. ನೇರ ಹೋಗುತ್ತಿದ್ದು ಮುಂದೆ ಏನೋ ಅಡ್ಡ ಬಂದರೆ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೆಡಲ್ ಕಾಲಿನಡಿ ಗಡಗಡ ನಡುಗುವುದು ಎಬಿಎಸ್ ಕೆಲಸ ಮಾಡುತ್ತಿರುವ ಲಕ್ಷಣ. ಹೆದರಿ ಕಾಲೆತ್ತುವುದೇ ಹೆಚ್ಚಿನವರ ತಪ್ಪು.

ಸೇತುವೆ ಮೊದಲು ಗಡ್ಡೆ ಕಟ್ಟುತ್ತದೆ, ಏಕೆಂದರೆ ಅದರ ಮೇಲೂ ಕೆಳಗೂ ತಣ್ಣನೆ ಗಾಳಿ. ಡ್ಯಾಷ್‌ಬೋರ್ಡ್ ತೋರಿಸುವುದು ಗಾಳಿಯ ಉಷ್ಣಾಂಶ, ರಸ್ತೆಯದ್ದಲ್ಲ. 36 ಫ್ಯಾರನ್‌ಹೀಟ್ ಎಂದಿದ್ದರೂ ಸೇತುವೆಯನ್ನು ನಂಬಬೇಡಿ. ಕ್ರೂಸ್ ಕಂಟ್ರೋಲ್ ಬಂದ್ ಮಾಡಿ, ಮುಂದಿನ ಗಾಡಿಗೆ 8ರಿಂದ 10 ಸೆಕೆಂಡ್ ಅಂತರವಿರಲಿ. ಹಿಮ ತಳ್ಳುವ ಪ್ಲೌ ಸಿಕ್ಕರೆ ಅದರ ಹಿಂದೆಯೇ, ಹತ್ತು ಕಾರಿನಷ್ಟು ದೂರದಲ್ಲಿ ಹೋಗಿ. ಆ ದಾರಿಯಲ್ಲಿ ಅದಕ್ಕಿಂತ ಒಳ್ಳೆಯ ರಸ್ತೆ ನಿಮಗೆ ಸಿಗುವುದಿಲ್ಲ.

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ಅಟ್ಲಾಂಟಾದಿಂದ ಮ್ಯಾಡಿಸನ್‌ಗೆ 26 ಅಡಿಯ ಬಾಡಿಗೆ ಡೀಸೆಲ್ ಟ್ರಕ್ ತೆಗೆದುಕೊಂಡು, ಹಿಂದೆ ಕಾರು ಕಟ್ಟಿಕೊಂಡು ಹೋಗುವ ಯೋಚನೆ. ಸಾಮಾನಿನಲ್ಲಿ ಅಮ್ಮನ ವೀಣೆಯೂ ಇದೆ. (ಓದುಗರು, ಅಟ್ಲಾಂಟಾ)

ಉತ್ತರ: ಕಾರನ್ನು ಹಿಂದೆ ಕಟ್ಟಬೇಡಿ. ಇಳಿಜಾರಿನಲ್ಲಿ ಗಡ್ಡೆ ಸಿಕ್ಕು ಟ್ರಕ್ ಬ್ರೇಕ್ ಹಾಕಿದಾಗ, ಹಿಂದಿನ ಟ್ರೇಲರ್ ತನ್ನ ಭಾರಕ್ಕೆ ತಳ್ಳುತ್ತಾ ಬಂದು ಟ್ರಕ್ಕನ್ನೇ ಅಡ್ಡ ತಿರುಗಿಸುತ್ತದೆ. ನಿಮ್ಮ ದಾರಿಯಲ್ಲಿ ಟೆನೆಸ್ಸಿಯ ಮೊಂಟೀಗಲ್ ಬೆಟ್ಟದ ಕಡಿದಾದ ಇಳಿಜಾರು ಬೇರೆ ಇದೆ. ಇನ್ನೊಬ್ಬರು ಕಾರು ಓಡಿಸಿಕೊಂಡು ಬರಲಿ, ಇಲ್ಲವೇ ಕಾರನ್ನು ಸಾಗಣೆಯವರಿಗೆ ಒಪ್ಪಿಸಿ.

ಡೀಸೆಲ್‌ನಲ್ಲೊಂದು ಸೂಕ್ಷ್ಮವಿದೆ. ಸಾಮಾನ್ಯ ನಂಬರ್ 2 ಡೀಸೆಲ್‌ನಲ್ಲಿರುವ ಮೇಣ ಮೈನಸ್ 8 ಸೆಲ್ಸಿಯಸ್ ಸುಮಾರಿಗೆ ಕಣಕಣವಾಗಿ ಕಟ್ಟತೊಡಗುತ್ತದೆ, ಇನ್ನೂ ಇಳಿದರೆ ಫಿಲ್ಟರ್ ಮುಚ್ಚಿ ಎಂಜಿನ್ ನಿಲ್ಲುತ್ತದೆ. ಉತ್ತರದ ಬಂಕ್‌ಗಳು ಚಳಿಗಾಲದ ಮಿಶ್ರಣ ಮಾರುತ್ತವೆ, ಜಾರ್ಜಿಯದವರಿಗೆ ಅದರ ಅಗತ್ಯ ಬೀಳುವುದಿಲ್ಲ. ಹಾಗಾಗಿ ದಕ್ಷಿಣದ ಡೀಸೆಲ್ ತುಂಬಿಕೊಂಡು ಮ್ಯಾಡಿಸನ್ ಸೇರಬೇಡಿ. ಇಲಿನಾಯ್ ಮಧ್ಯಕ್ಕೆ ಬರುವ ಹೊತ್ತಿಗೆ ಟ್ಯಾಂಕ್ ಕಾಲುಭಾಗಕ್ಕೆ ಇಳಿದಿರುವಂತೆ ನೋಡಿಕೊಂಡು ಅಲ್ಲಿ ತುಂಬಿಸಿ.

ಟ್ರಕ್ಕಿನ ಪೆಟ್ಟಿಗೆಗೆ ಹೀಟರ್ ಇಲ್ಲ. ಸೋಡಾ ಕ್ಯಾನ್, ನೀರು ಬೆರೆತ ಪೇಂಟ್ ಒಡೆದು ಸೋರುತ್ತವೆ. ವಾಷಿಂಗ್ ಮೆಷಿನ್ ಹೋಸ್‌ಗಳನ್ನು ಪೂರ್ತಿ ಬಸಿಯಿರಿ. ಟಿವಿಯನ್ನು ಒಳಗೆ ತಂದು ಒಂದಿಡೀ ದಿನ ಬಿಟ್ಟು ಹಚ್ಚಿ, ಇಲ್ಲದಿದ್ದರೆ ಒಳಗೆ ಕಟ್ಟಿದ ಇಬ್ಬನಿ ಸರ್ಕ್ಯೂಟ್ ಸುಡುತ್ತದೆ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸುವಂತಿಲ್ಲ. ಅದು ಕ್ಯಾಬಿನ್‌ನಲ್ಲಿರಲಿ, ರಾತ್ರಿ ಕೋಣೆಗೆ ಬರಲಿ.

ವೀಣೆಯದ್ದೂ ಹಾಗೆಯೇ. ಅದರ 24 ಮೆಟ್ಟಿಲು ಕೂತಿರುವುದು ಮೇಣದ ಮೇಲೆ. ಕೊರೆಯುವ ಚಳಿಯಲ್ಲಿ ಮೇಣ ಬಿರುಸಾಗಿ, ಟ್ರಕ್ಕಿನ ಕುಲುಕಾಟಕ್ಕೆ ಸೀಳುಬಿಟ್ಟು ಮೆಟ್ಟಿಲು ಕಳಚುತ್ತದೆ. ತಂತಿಗಳನ್ನು ಪೂರ್ತಿ ಬಿಚ್ಚದೆ ಒಂದೆರಡು ಸ್ವರ ಇಳಿಸಿ, ಕಂಬಳಿ ಸುತ್ತಿ, ಕಾರಿನೊಳಗೆ ಒಯ್ಯಿರಿ. ಮನೆ ಸೇರಿದ ಮೇಲೂ ಪೆಟ್ಟಿಗೆ ಮುಚ್ಚಿಯೇ ಒಂದು ದಿನ ಇಡಿ, ಹೀಟರ್ ಕಿಂಡಿಯಿಂದ ದೂರ. ಆ ಒಣ ಬಿಸಿಗಾಳಿ ಹಲಸಿನ ಮರವನ್ನು ಚಳಿಗಿಂತ ಬೇಗ ಬಿರಿಸುತ್ತದೆ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿನಲ್ಲಿ ಡೆನ್ವರ್‌ನಿಂದ ಸಾಲ್ಟ್ ಲೇಕ್ ಸಿಟಿಗೆ ಜನವರಿಯಲ್ಲಿ? (ಓದುಗರು, ಡೆನ್ವರ್)

ಉತ್ತರ: ಹೋಗಬಹುದು, ಲೆಕ್ಕ ಮಾತ್ರ ಬೇರೆ. ಅಮೆರಿಕದ ವಾಹನ ಚಾಲಕರ ಸಂಘ ಎಎಎ 2019ರಲ್ಲಿ ನಡೆಸಿದ ಪರೀಕ್ಷೆಯಲ್ಲಿ 20 ಫ್ಯಾರನ್‌ಹೀಟ್ ಚಳಿಯಲ್ಲಿ ಹೀಟರ್ ಹಾಕಿ ಓಡಿಸಿದಾಗ ಒಂದು ಚಾರ್ಜಿಗೆ ಓಡುವ ದೂರ ಸರಾಸರಿ 41% ಕುಸಿಯಿತು. ವಯೋಮಿಂಗ್‌ನ ಐ-80ರಲ್ಲಿ ಪಶ್ಚಿಮಕ್ಕೆ ಹೋಗುವವರಿಗೆ ಎದುರುಗಾಳಿಯೂ ಸೇರುತ್ತದೆ. ಲಾರಮಿ ಮತ್ತು ರಾಲಿನ್ಸ್ ನಡುವೆ ಸುಮಾರು 100 ಮೈಲಿ, ಗಾಳಿಗೂ ಹಿಮಕ್ಕೂ ಮತ್ತೆ ಮತ್ತೆ ಮುಚ್ಚುವ ತುಂಡು ಅದೇ. ಲಾರಮಿಯಲ್ಲಿ 90% ತುಂಬಿಸದೆ ಹೊರಡಬೇಡಿ. ಚಾರ್ಜರನ್ನು ಕಾರಿನ ನಕ್ಷೆಯಲ್ಲೇ ಗುರಿಯಾಗಿ ಹಾಕಿ, ಆಗ ಹೆಚ್ಚಿನ ಕಾರುಗಳು ದಾರಿಯಲ್ಲೇ ಬ್ಯಾಟರಿ ಬಿಸಿ ಮಾಡಿಕೊಳ್ಳುತ್ತವೆ. ತಣ್ಣಗಿನ ಬ್ಯಾಟರಿಗೆ ಅರ್ಧ ಗಂಟೆಯ ಚಾರ್ಜು ಗಂಟೆ ದಾಟುತ್ತದೆ.

ಪ್ರಶ್ನೆ: ನಡುದಾರಿಯಲ್ಲಿ ಹಿಮದಲ್ಲಿ ಸಿಕ್ಕಿಬಿದ್ದರೆ? (ಓದುಗರು, ಒಮಾಹ)

ಉತ್ತರ: ಕಾರು ಬಿಟ್ಟು ನಡೆಯಬೇಡಿ. ಹಿಮಗಾಳಿಯಲ್ಲಿ ಹತ್ತು ಹೆಜ್ಜೆಗೇ ದಿಕ್ಕು ತಪ್ಪುತ್ತದೆ, ಹುಡುಕುವವರಿಗೂ ಕಾಣುವುದು ಕಾರೇ. ಮೊದಲು ಸೈಲೆನ್ಸರ್ ಬಾಯಿಯ ಸುತ್ತಲಿನ ಹಿಮ ಬಗೆಯಿರಿ. ಅದು ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರುತ್ತದೆ, ವಾಸನೆ ಇಲ್ಲದ್ದರಿಂದ ಗೊತ್ತಾಗುವುದಿಲ್ಲ. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಹಚ್ಚಿ, ಗಾಳಿ ಬೀಸದ ಕಡೆಯ ಕಿಟಕಿಯನ್ನು ಒಂದು ಬೆರಳಷ್ಟು ಇಳಿಸಿ. ಪ್ರತಿ ಸಲ ಹಚ್ಚುವ ಮೊದಲೂ ಇಳಿದು ಸೈಲೆನ್ಸರ್ ನೋಡಿ.

2022ರ ಜನವರಿಯಲ್ಲಿ ವರ್ಜೀನಿಯದ ಐ-95ರಲ್ಲಿ ಜನ ಒಂದು ದಿನಕ್ಕೂ ಹೆಚ್ಚು ಹೊತ್ತು ಕಾರಿನಲ್ಲೇ ಕುಳಿತರು, ಸೆನೆಟರ್ ಟಿಮ್ ಕೇನ್ ಅವರೂ ಅದರಲ್ಲಿದ್ದರು. ಅಷ್ಟು ಹೊತ್ತಿಗೆ ಸಾಕಾಗುವಂತೆ ಪ್ರತಿಯೊಬ್ಬರಿಗೂ ಒಂದು ಕಂಬಳಿ, ಟೋಪಿ, ಕೈಗವಸು, ಜೊತೆಗೆ ಸಣ್ಣ ಸಲಿಕೆ, ಟಾರ್ಚ್, ಫೋನಿನ ಪವರ್‌ಬ್ಯಾಂಕ್ ಇಟ್ಟುಕೊಳ್ಳಿ. ತಿನ್ನಲು ಚಕ್ಕುಲಿ, ಕೋಡುಬಳೆ, ಶೇಂಗಾ ಉಂಡೆ ಒಳ್ಳೆಯವು, ಚಳಿಗೆ ಕೆಡುವುದಿಲ್ಲ. ನೀರಿನ ಬಾಟಲಿ ಮುಕ್ಕಾಲು ಮಾತ್ರ ತುಂಬಿಸಿ, ಹೆಪ್ಪುಗಟ್ಟಿದರೂ ಒಡೆಯದಂತೆ. ಇವೆಲ್ಲ ಸೀಟಿನ ಹಿಂದೆ, ಕೈಗೆ ಸಿಗುವ ಹಾಗಿರಲಿ. ಡಿಕ್ಕಿಯ ಬಾಗಿಲು ಗಡ್ಡೆ ಕಟ್ಟಿ ಅಂಟಿಕೊಂಡರೆ ತೆರೆಯಲು ಬರುವುದಿಲ್ಲ.